ಎರಡು ಕಡೆಯೂ ಸಿಂಹ

ಅತ್ತಿಬೆಲೆ ಸರ್ಕಲ್ಲಿನ ಎಳನೀರು ಗಾಡಿಯವನು ಕೊಟ್ಟ ಚಿಲ್ಲರೆಯಲ್ಲಿ ಆ ಐದು ರೂಪಾಯಿ ನಾಣ್ಯ ಬಂದಿತ್ತು. ಪದ್ಮಾವತಿ ಅದನ್ನು ನೋಡಲೂ ಇಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡೇ ಆನೇಕಲ್ ಬಸ್ಸು ಹತ್ತಿದಳು. ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಉಸಿರು ಬಿಟ್ಟ ಮೇಲೆ ಅವಳ ಹೆಬ್ಬೆರಳು ತನ್ನಷ್ಟಕ್ಕೆ ತಾನು ನಾಣ್ಯದ ಮೇಲೆ ಓಡಾಡಿತು. ಒಂದು ಕಡೆ ಉಬ್ಬು ಸಿಕ್ಕಿತು. ತಿರುಗಿಸಿದಳು. ಇನ್ನೊಂದು ಕಡೆ ಬೆರಳು ತಗ್ಗಿಗೆ ಇಳಿಯಿತು.

ಅಂಗೈ ಬಿಚ್ಚಿ ನೋಡಿದಳು. ಮುಂದಿನ ಮುಖದಲ್ಲಿ ಸಿಂಹಗಳು, ಎಡಕ್ಕೂ ಬಲಕ್ಕೂ ಅಕ್ಷರ, ಎಲ್ಲ ಸರಿಯಾಗಿತ್ತು. ಹಿಂದೆ ಐದು ಎಂಬ ಅಂಕಿ ಇರಬೇಕಾದ ಜಾಗದಲ್ಲೂ ಅದೇ ಸಿಂಹಗಳು. ಆದರೆ ಒಳಕ್ಕೆ ತಗ್ಗಾಗಿ, ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ. ತಾನು ಎಷ್ಟು ರೂಪಾಯಿ ಎಂದು ಆ ನಾಣ್ಯ ಎಲ್ಲೂ ಹೇಳುತ್ತಿರಲಿಲ್ಲ. ಇಸವಿಯೂ ಇರಲಿಲ್ಲ.

"ಅಯ್ಯೋ, ಅಲ್ಲೂ ಕಚ್ಕೊಂಡಿದೆ!" ಎಂದು ಜೋರಾಗಿಯೇ ಅಂದುಬಿಟ್ಟಳು.

ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಗಾಬರಿಯಾಗಿ, "ಏನಮ್ಮಾ ಕಚ್ಚಿದ್ದು?" ಎಂದು ಸೀಟಿನ ಕೆಳಗೆ ಬಗ್ಗಿ ನೋಡಿದಳು. ಪದ್ಮಾವತಿಗೆ ನಗು ತಡೆಯಲಾಗಲಿಲ್ಲ.

ಕಚ್ಚಿಕೊಂಡದ್ದು ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅತ್ತಿಬೆಲೆ ಕೈಗಾರಿಕಾ ಪ್ರದೇಶದ ಹಿಂದಿನ ಸಾಲಿನಲ್ಲಿ ವೆಂಕಟಪ್ಪನವರದೊಂದು ಪ್ರೆಸ್ ಶಾಪ್ ಇದೆ. ಕ್ಯಾಂಟೀನುಗಳಿಗೆ, ಕುಡಿಯುವ ನೀರಿನ ಘಟಕಗಳಿಗೆ ಹಿತ್ತಾಳೆ ಟೋಕನ್ ಮಾಡಿಕೊಡುವ ಜಾಗ. ಪದ್ಮಾವತಿ ಅಲ್ಲಿ ಡೈ ಸೆಟ್ಟರ್, ಅಂದರೆ ಪ್ರೆಸ್ಸಿಗೆ ಅಚ್ಚು ಕೂರಿಸಿ ಹದ ಮಾಡುವವಳು. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಬರಿ ಬಿಲ್ಲೆ. ಒಂದು ಸಲ ಬಡಿದರೆ ಎರಡೂ ಕಡೆ ಮುದ್ರೆ ಬೀಳುತ್ತದೆ. ಒಮ್ಮೊಮ್ಮೆ ಬಡಿದ ಬಿಲ್ಲೆ ಈಚೆ ಬರದೆ ಮೇಲಿನ ಅಚ್ಚಿಗೇ ಅಂಟಿಕೊಂಡುಬಿಡುತ್ತದೆ. ಆಮೇಲೆ ಬರುವ ಬಿಲ್ಲೆಗೆ ಒಂದು ಕಡೆ ಅಚ್ಚಿನ ಮುದ್ರೆ, ಇನ್ನೊಂದು ಕಡೆ ಆ ಅಂಟಿಕೊಂಡ ಬಿಲ್ಲೆಯದೇ ತಗ್ಗು ಮುದ್ರೆ. ಶಾಪಿನಲ್ಲಿ ಅದಕ್ಕೆ 'ಕಚ್ಕೊಂಡ ಪೀಸ್' ಎನ್ನುತ್ತಿದ್ದರು. ಅಂಥದ್ದು ಒಂದು ಕಂಡರೂ ಪ್ರೆಸ್ ನಿಲ್ಲಿಸಿ, ಪೀಸನ್ನು ಕೆಂಪು ಡಬ್ಬಕ್ಕೆ ಹಾಕುವುದು ಅವಳ ಕೆಲಸ. ನಾಣ್ಯ ಹೊಡೆಯುವ ಸರ್ಕಾರದ ಟಂಕಸಾಲೆಯಲ್ಲೂ ಅದೇ ಆಗಿತ್ತು.

ಅವಳು ಸೇರಿದ್ದು ಪ್ಯಾಕಿಂಗಿಗೆ. ಆಗ ಹೆಂಗಸರೆಂದರೆ ಪ್ಯಾಕಿಂಗ್ ಮಾತ್ರ. ಎಂಟು ವರ್ಷ ಟೋಕನ್ ಎಣಿಸಿ ಚೀಲಕ್ಕೆ ತುಂಬುತ್ತಲೇ ಅವಳು ಪ್ರತಿ ಡೈಯ ಗುಣ ಕಲಿತಿದ್ದಳು. ಒಂದು ಬೇಸಿಗೆಯಲ್ಲಿ ದೊಡ್ಡ ಆರ್ಡರು ಅರ್ಧವಾಗಿರುವಾಗ ಸೆಟ್ಟರ್ ಕೆಲಸ ಬಿಟ್ಟು ಹೋದ. ವೆಂಕಟಪ್ಪ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ, "ಸಾರ್, ನಾನ್ ಸೆಟ್ ಮಾಡ್ಲಾ?" ಎಂದು ಕೇಳಿದಳು. ಬೇರೆ ದಾರಿಯಿಲ್ಲದೆ ಅವರು ಸ್ಪ್ಯಾನರ್ ಕೊಟ್ಟರು. ಮೂರನೆಯ ಪೀಸಿಗೇ ಮುದ್ರೆ ಸರಿಯಾಗಿ ಬಿತ್ತು. ಅದಾಗಿ ಹದಿನಾಲ್ಕು ವರ್ಷ. ಈಗಲೂ ಹೊಸದಾಗಿ ಬಂದ ಗಂಡಸರು ಅವಳ ಬೆನ್ನ ಹಿಂದೆ ಕಣ್ಣಾಡಿಸಿ "ಸೆಟ್ಟರ್ ಎಲ್ಲಿ?" ಎಂದು ಕೇಳುವುದುಂಟು. ಆಗ ಅವಳು ಎರಡೂ ಕೈ ಮೇಲೆತ್ತಿ ತೋರಿಸುತ್ತಾಳೆ. ಪ್ರೆಸ್ಸಿನ ಕೆಲಸದಲ್ಲಿ ಹದಿನಾಲ್ಕು ವರ್ಷ ಕಳೆದು ಹತ್ತು ಬೆರಳೂ ಉಳಿಸಿಕೊಂಡವರು ಆ ಸಾಲಿನಲ್ಲಿ ಹೆಚ್ಚು ಜನ ಇಲ್ಲ.

ಆ ಸಂಜೆ ಗಂಡ ರಾಜೇಂದ್ರನಿಗೆ ನಾಣ್ಯ ತೋರಿಸಿದಳು. ಅವನು ಎಲೆಕ್ಟ್ರಾನಿಕ್ ಸಿಟಿಯ ಒಂದು ಅಪಾರ್ಟ್‌ಮೆಂಟಿನ ವ್ಯಾನ್ ಓಡಿಸುತ್ತಿದ್ದ.

"ನಮ್ ಅಪಾರ್ಟ್‌ಮೆಂಟಲ್ಲಿ ಪಂಚಾಕ್ಷರಿ ಮೇಷ್ಟ್ರು ಅಂತ ಅವ್ರೆ ಕಣೆ. ಇಂಥವೆಲ್ಲ ಸೇರಿಸ್ತಾರೆ. ಬರೋ ಭಾನುವಾರ ಕ್ಲಬ್ ಹೌಸಲ್ಲಿ ನಾಣ್ಯದ ಪ್ರದರ್ಶನ ಐತೆ. ಬಾ, ಕೇಳೋಣ," ಎಂದ.

ಭಾನುವಾರ ಹೋದರು. ಬಾಗಿಲಲ್ಲೇ ದೊಡ್ಡ ಬ್ಯಾನರ್. ಅದರ ತುಂಬ ಒಂದೇ ನಾಣ್ಯದ ಚಿತ್ರ. ಹಳೆಯ ತಾಮ್ರದ ಕಾಲಾಣೆ, ಒಂದು ಮುಖದಲ್ಲಿ ದೊರೆಯ ತಲೆ ಉಬ್ಬಾಗಿ, ಇನ್ನೊಂದು ಮುಖದಲ್ಲಿ ಅದೇ ತಲೆ ತಗ್ಗಾಗಿ. ಪದ್ಮಾವತಿ ನಿಂತು ನೋಡಿದಳು. ತನ್ನ ಕೈಲಿರುವುದರ ಅಣ್ಣನಂತಿತ್ತು ಅದು.

ಪಂಚಾಕ್ಷರಿ ರಾಣೆಬೆನ್ನೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಮಗಳು ಸ್ಫೂರ್ತಿಯ ಜೊತೆ ಅದೇ ಅಪಾರ್ಟ್‌ಮೆಂಟಿನಲ್ಲಿದ್ದರು. ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೇಜಿನ ಸುತ್ತ ನಿಂತವರಿಗೆ ತರಗತಿಯಲ್ಲಿ ಹೇಳಿದಂತೆಯೇ ಹೇಳುತ್ತಿದ್ದರು.

"ಹಳೇದಾದ್ರ ಬೆಲೆ ಅಂತ ಎಲ್ಲಾರೂ ತಿಳ್ಕೊಂಡಾರ. ಅದು ತಪ್ಪು. ಈ ಕಾಸು ನೋಡ್ರಿ, ನೂರಾರು ವರ್ಷದ್ದು. ಆದ್ರೂ ಒಂದು ಊಟದ ರೊಕ್ಕಕ್ಕ ಸಿಗ್ತೈತಿ. ಯಾಕಂದ್ರ ಹೊಲ ಅಗದಾಗೆಲ್ಲ ಗಡಿಗಿಗಟ್ಲೆ ಸಿಕ್ಕಾವ. ಆದ್ರ ಈ ಪುಟ್ಟ ನಾಣ್ಯ ನನಗಿಂತ ಸಣ್ಣ ವಯಸ್ಸಿಂದು. ಆ ವರ್ಷ ಟಂಕಸಾಲಿಯೊಳಗ ಭಾಳ ಕಡಿಮಿ ಹೊಡದ್ರು. ಇದಕ್ಕ ಮಂದಿ ಬಡದಾಡ್ತಾರ."

"ಜಾಸ್ತಿ ಮಾಡಿದ್ದು ಯಾವತ್ತೂ ಅಪರೂಪ ಆಗಲ್ವಾ ಸಾರ್?" ಎಂದು ಪದ್ಮಾವತಿ ಕೇಳಿದಳು.

ಪಂಚಾಕ್ಷರಿ ಖುಷಿಯಾಗಿ ಅವಳತ್ತ ತಿರುಗಿದರು. "ಆಗ್ತೈತಿ ತಂಗಿ, ಯಾಕಾಗೂದಿಲ್ಲ? ಬೆಳ್ಳಿ ರೂಪಾಯಿ ರಾಶಿ ರಾಶಿ ಹೊಡೆದಿದ್ರು. ಬೆಳ್ಳಿ ರೇಟು ಏರಿತು, ಮನಿ ಮನಿಯೊಳಗ ಕರಗಿಸಿ ಕಾಲ್ಗಡಗ, ತಾಟು, ತಂಬಿಗಿ ಮಾಡಿಸಿದ್ರು. ಕರಗದ ಉಳದದ್ದು ಎಷ್ಟು? ಉಳದದ್ರಾಗೂ ಕೈಯಿಂದ ಕೈಗೆ ಓಡಾಡಿ ಸವಿಲಾರದ್ದು ಎಷ್ಟು? ಟಂಕಸಾಲಿಯಿಂದ ಬಂದ ದಿನದ ಹೊಳಪು ಇದ್ದದ್ದು ಒಂದು ಸಿಕ್ಕರ ಅದನ್ನ ಬಿಡಂಗಿಲ್ಲ ಯಾರೂ." ಆಮೇಲೆ ಗಾಜಿನ ಪೆಟ್ಟಿಗೆಯಲ್ಲಿದ್ದ ಕಾಲಾಣೆಯ ಕಡೆ ಬೆರಳು ತೋರಿಸಿದರು. "ಇದು ಇನ್ನೊಂದು ಜಾತಿ. ಟಂಕಸಾಲಿ ಮಾಡಿದ ತಪ್ಪು. ತಪಾಸಣಿ ಮಾಡೋರ ಕಣ್ಣು ತಪ್ಪಿಸಿ ಹೊರಗ ಬಂದದ್ದು."

"ಅಂದ್ರೆ ಇನ್‌ಸ್ಪೆಕ್ಷನ್‌ನೋರು ಬಿಟ್ಬಿಟ್ಟಿದ್ದಕ್ಕೆ ಬೆಲೆನಾ ಸಾರ್? ನಮ್ ಶಾಪಲ್ಲಿ ಅಂಗೆ ಬಿಟ್ರೆ ಮೆಮೊ ಕೊಡ್ತಾರೆ."

ಸುತ್ತ ನಿಂತವರು ನಕ್ಕರು. ಪದ್ಮಾವತಿ ಕರ್ಚೀಫಿನ ಗಂಟು ಬಿಚ್ಚಿ ತನ್ನ ನಾಣ್ಯವನ್ನು ಮೇಜಿನ ಮೇಲಿಟ್ಟಳು.

ಪಂಚಾಕ್ಷರಿ ಕೈ ಹಾಕುವ ಮೊದಲೇ ಪಕ್ಕದ ಮೇಜಿನ ಗುರುರಾಜ್ ಅದನ್ನು ಎತ್ತಿಕೊಂಡ. ಸಿಟಿಯಿಂದ ಬಂದಿದ್ದ ನಾಣ್ಯ ವ್ಯಾಪಾರಿ ಅವನು. ಎರಡು ಕಡೆ ತಿರುಗಿಸಿ ನೋಡಿ ವಾಪಸ್ ಇಟ್ಟ.

"ವೈಸಲ್ಲಿ ಒತ್ತಿರೋದು ಮೇಡಂ. ಎರಡು ನಾಣ್ಯ ಜೊತೆಗಿಟ್ಟು ವೈಸಲ್ಲಿ, ಅದೇ ವರ್ಕ್‌ಶಾಪಿನ ತಿರುಪು ಇಕ್ಕಳದಲ್ಲಿ ಹಾಕಿ ತಿರುಪಿದ್ರೆ ಇಂಥದ್ದು ದಿನಕ್ಕೆ ಹತ್ತು ಮಾಡ್ಬಹುದು. ಯಾರೋ ನಿಮ್ಗೆ ಟೋಪಿ ಹಾಕಿದಾರೆ. ಬೇಕಾದ್ರೆ ಐನೂರು ಕೊಡ್ತೀನಿ, ಬಿಟ್ಟೋಗಿ."

"ಸುಳ್ ನಾಣ್ಯ ಅಂದ್ಮೇಲೆ ಐನೂರು ಯಾಕೆ ಸಾರ್?"

ಗುರುರಾಜ್ ತಬ್ಬಿಬ್ಬಾದ. "ಏನೋ, ದೂರದಿಂದ ಬಂದಿದೀರ ಅಂತ..."

ಟೋಪಿ ಹಾಕಿದಾರೆ ಅಂದದ್ದು ಪದ್ಮಾವತಿಗೆ ತಾಗಲಿಲ್ಲ. ವೈಸಿನಲ್ಲಿ ಒತ್ತಿದ್ದಕ್ಕೂ ಪ್ರೆಸ್ಸು ಬಡಿದದ್ದಕ್ಕೂ ವ್ಯತ್ಯಾಸ ಗೊತ್ತಿಲ್ಲದವನು ತನ್ನ ಮುಂದೆ ಅಷ್ಟು ಸಲೀಸಾಗಿ ಮಾತಾಡಿದನಲ್ಲ, ಅದು ತಾಗಿತು.

"ಸಾರ್, ಆ ಭೂತಗನ್ನಡಿ ಕೊಡಿ ಇಲ್ಲಿ," ಎಂದಳು. "ಈಗ ನೋಡಿ. ವೈಸಲ್ಲಿ ಒತ್ತಬೇಕಾದ್ರೆ ಒಳ್ಳೇ ನಾಣ್ಯನೇ ತಗೋಬೇಕು, ಅಲ್ವಾ? ಅದ್ರಲ್ಲಿ ಐದು ಅನ್ನೋ ಅಂಕಿ ಮೊದ್ಲೇ ಇರ್ತದೆ. ಎಷ್ಟೇ ಒತ್ತಿದ್ರೂ ಅದು ಪೂರ್ತಿ ಅಳಿಸೋಗಲ್ಲ, ನೆರಳಿನಂಗೆ ಉಳೀತದೆ. ಇಲ್ಲಿ ಎಲ್ಲೈತೆ ತೋರ್ಸಿ. ಇನ್ನೊಂದು, ವೈಸಿನ ದವಡೆ ಒತ್ತಿದ್ಮೇಲೆ ಈ ಕಡೆ ಸಿಂಹದ ಮೂಗು ಚಪ್ಪಟೆ ಆಗ್ಬೇಕಲ್ಲ. ಆಗಿಲ್ಲ. ಆಮೇಲೆ ಒತ್ತಿದ ಲೋಹ ಎಲ್ಲಿಗಾದ್ರೂ ಓಡ್ಬೇಕು, ಪಕ್ಕಕ್ಕೆ ಹರಡ್ಕೊಳ್ತದೆ. ಪ್ರೆಸ್ಸಲ್ಲಿ ಅಂಗಲ್ಲ, ಸುತ್ತ ಬಳೆ ಇರ್ತದೆ, ಅದು ಹರಡೋಕೆ ಬಿಡಲ್ಲ. ಅಳತೆ ತೆಗೀರಿ ಬೇಕಾದ್ರೆ."

ಗುರುರಾಜನ ಮೇಜಿನ ಮೇಲೇ ವರ್ನಿಯರ್ ಇತ್ತು. ಸ್ಫೂರ್ತಿ ಅದನ್ನು ತಂದು ಅಳೆದಳು. ತನ್ನ ಪರ್ಸಿನಿಂದ ಒಂದು ಸಾಮಾನ್ಯ ಐದು ರೂಪಾಯಿ ನಾಣ್ಯ ತೆಗೆದು ಅದನ್ನೂ ಅಳೆದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಇಷ್ಟೆಲ್ಲ ನಿಮ್ಗೆ ಹೇಗೆ ಗೊತ್ತು?" ಎಂದ ಗುರುರಾಜ್.

"ಇಪ್ಪತ್ತೆರಡು ವರ್ಷದಿಂದ ಇದೇ ನೋಡ್ತಾ ಇದೀನಿ ಸಾರ್. ಡೈ ಸೆಟ್ಟರ್ ನಾನು."

ಪಂಚಾಕ್ಷರಿಯವರ ಮುಖ ಅರಳಿತ್ತು. ಅವರು ಗಾಜಿನ ಪೆಟ್ಟಿಗೆಯ ಬೀಗ ತೆಗೆದು, ಬ್ಯಾನರಿನಲ್ಲಿದ್ದ ಆ ಕಾಲಾಣೆಯನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಹಿಡಿದರು. "ನೋಡು ತಂಗಿ, ನಿನ್ನ ನಾಣ್ಯಕ್ಕ ನನ್ನ ಮನಿಯೊಳಗ ಒಬ್ಬ ಅಣ್ಣ ಅದಾನ. ಹನ್ನೊಂದು ವರ್ಷದಿಂದ ಜ್ವಾಪಾನ ಮಾಡೀನಿ. ಇದನ್ನೂ ಹಂಗ ಬಿಡಿಸಿ ಹೇಳು. ಎಲ್ಲಾರೂ ಕೇಳ್ಲಿ."

ಪದ್ಮಾವತಿ ಭೂತಗನ್ನಡಿ ಹಿಡಿದು ನೋಡಿದಳು. ದೊರೆಯ ತಗ್ಗು ಕೆನ್ನೆಯ ಒಳಗೆ ಅಕ್ಷರಗಳ ನೆರಳು ಕಂಡಿತು. ಕಾಲಾಣೆ ಎಂದು ಬರೆದಿದ್ದ ಹಳೆಯ ಸಾಲು. ತಿರುಗಿಸಿದಳು. ಉಬ್ಬು ಮುಖದಲ್ಲಿ ದೊರೆಯ ಕಿವಿ, ಗಡ್ಡ ಎರಡೂ ಸ್ವಲ್ಪ ಚಪ್ಪಟೆಯಾಗಿದ್ದವು. ನಾಣ್ಯವನ್ನು ಮೆಲ್ಲಗೆ ವೆಲ್ವೆಟ್ಟಿನ ಮೇಲಿಟ್ಟಳು.

"ಆಮೇಲೆ ಹೇಳ್ತೀನಿ ಮೇಷ್ಟ್ರೇ."

ಪಂಚಾಕ್ಷರಿ ಅವಳ ಮುಖವನ್ನೇ ನೋಡಿದರು. ಅವರಿಗೆ ಅರ್ಥವಾಗಿತ್ತು. ಆದರೂ, "ಈಗ ಹೇಳು. ನಲವತ್ತು ವರ್ಷ ಹುಡುಗರ ತಪ್ಪನ್ನ ಎಲ್ಲಾರ ಮುಂದ ತಿದ್ದೀನಿ. ನಂದೊಂದು ಬಾಗಿಲಾ ಹಾಕ್ಕೊಂಡು ತಿದ್ದೂದು ಬ್ಯಾಡ," ಎಂದರು.

"ಇದು ವೈಸಲ್ಲಿ ಒತ್ತಿರೋದು ಮೇಷ್ಟ್ರೇ," ಎಂದಳು ಪದ್ಮಾವತಿ. ಅವಳ ದನಿ ಅವಳಿಗೇ ಕಠಿಣವಾಗಿ ಕೇಳಿಸಿತು.

ಯಾರೋ ಕೆಮ್ಮಿದರು. ಗುರುರಾಜ್ ಬೇರೆ ಕಡೆ ತಿರುಗಿದ. ಪಂಚಾಕ್ಷರಿ ಕಾಲಾಣೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಕುರ್ಚಿಯಲ್ಲಿ ಕೂತುಬಿಟ್ಟರು.

ವ್ಯಾನಿನಲ್ಲಿ ಮನೆಗೆ ಬರುವಾಗ ಚಂದಾಪುರ ದಾಟುವವರೆಗೂ ರಾಜೇಂದ್ರ ರಸ್ತೆಯ ಮೇಲೇ ಕಣ್ಣಿಟ್ಟಿದ್ದ. ಆಮೇಲೆ, "ದೊಡ್ಡೋರು. ಅಷ್ಟು ಜನರ ಮುಂದೆ ಅಂಗನ್ಬೇಕಿತ್ತಾ?" ಎಂದ.

"ಕೇಳಿದ್ರು, ಹೇಳ್ದೆ. ಪೀಸ್ ಕೆಟ್ಟಿದ್ರೆ ಕೆಟ್ಟಿದೆ ಅನ್ಬೇಕು. ಚೆನ್ನಾಗೈತೆ ಅಂದಿದ್ರೆ ನಾನು ಯಾವ ಸೆಟ್ಟರ್ರು?" ಎಂದಳೇನೋ ನಿಜ. ಆದರೆ ಎರಡು ಕೈಯಲ್ಲಿ ನಾಣ್ಯ ಎತ್ತಿ ಹಿಡಿದಿದ್ದ ಆ ಮುದುಕರ ಮುಖ ಅವಳ ಕಣ್ಣಿನಿಂದ ಹೋಗಲಿಲ್ಲ. ಸೋಮವಾರ ಕೆಲಸದಲ್ಲಿ ಎರಡು ಸಲ ಸ್ಪ್ಯಾನರ್ ಕೈಜಾರಿತು.

ಬುಧವಾರ ರಾಜೇಂದ್ರನ ಫೋನಿನಿಂದ ಪಂಚಾಕ್ಷರಿಯವರೇ ಮಾತಾಡಿದರು. "ತಂಗಿ, ನೀ ಹೇಳಿದ್ದು ನಂಬೀನಿ. ಆದ್ರ ನಂಬೂದು ಬ್ಯಾರೆ, ತಿಳಿಯೂದು ಬ್ಯಾರೆ. ನಿನ್ನ ಪ್ರೆಸ್ಸು ನೋಡಬೇಕು ನಾನು."

ವೆಂಕಟಪ್ಪ ಮೊದಲು ಮುಖ ಸಿಂಡರಿಸಿದರು. ಕಾಲೇಜು ಮೇಷ್ಟ್ರು ಎಂದು ಕೇಳಿದ ಮೇಲೆ ಊಟದ ವಿರಾಮದ ಹೊತ್ತಿಗೆ ಒಪ್ಪಿದರು. ಶುಕ್ರವಾರ ಮಧ್ಯಾಹ್ನ ಪಂಚಾಕ್ಷರಿ ಸ್ಫೂರ್ತಿಯ ಜೊತೆ ಬಂದರು. ಎಣ್ಣೆ ಜಿಡ್ಡಿನ ನೆಲದ ಮೇಲೆ ಬಿಳಿ ಪಂಚೆ ಎತ್ತಿ ಹಿಡಿದುಕೊಂಡು, ಪ್ರೆಸ್ಸಿನ ಮುಂದೆ ಗುಡಿಗೆ ಬಂದವರಂತೆ ನಿಂತರು.

ಸರ್ಕಾರದ ನಾಣ್ಯವನ್ನು ಹಾಳು ಮಾಡುವಂತಿಲ್ಲ. ಹಾಗಾಗಿ ಪದ್ಮಾವತಿ ಹಿತ್ತಾಳೆ ಟೋಕನ್ನುಗಳನ್ನೇ ತೆಗೆದುಕೊಂಡಳು. ಒಂದು ಮುಖದಲ್ಲಿ ತಂಬಿಗೆಯ ಚಿತ್ರ, ಇನ್ನೊಂದರಲ್ಲಿ ಇಪ್ಪತ್ತು ಲೀಟರ್ ಎಂಬ ಅಂಕಿ. ಎರಡು ಟೋಕನ್ ಸೇರಿಸಿ ವೈಸಿನಲ್ಲಿಟ್ಟು ಹಿಡಿಕೆಯ ಮೇಲೆ ಮೈಭಾರ ಹಾಕಿ ತಿರುಪಿದಳು. ತೆಗೆದು ಮೇಷ್ಟ್ರ ಕೈಗೆ ಕೊಟ್ಟಳು. ಮಸುಕಾದ ತಗ್ಗು ತಂಬಿಗೆ, ಅದರೊಳಗೆ ಇಪ್ಪತ್ತರ ನೆರಳು.

ಆಮೇಲೆ ಡೈ ಕೂರಿಸಿದಳು. ಬಡಿದ ಒಂದು ಟೋಕನ್ನನ್ನು ಮೇಲಿನ ಅಚ್ಚಿಗೆ ಅಂಟಿಸಿ, ಕೆಳಗೆ ಬರಿ ಬಿಲ್ಲೆ ಇಟ್ಟು, ಎಲ್ಲರನ್ನೂ ಹಳದಿ ಗೆರೆಯ ಆಚೆ ನಿಲ್ಲಿಸಿ, ಎರಡು ಗುಂಡಿಗಳನ್ನು ಎರಡು ಕೈಯಿಂದ ಒಟ್ಟಿಗೆ ಒತ್ತಿದಳು. ನೆಲ ಅದುರಿತು. ಈಚೆ ಬಂದ ಬಿಲ್ಲೆ ಇನ್ನೂ ಬೆಚ್ಚಗಿತ್ತು. ಒಂದು ಕಡೆ ಉಬ್ಬು ತಂಬಿಗೆ, ಇನ್ನೊಂದು ಕಡೆ ತಗ್ಗು ತಂಬಿಗೆ. ಅಂಚು ಕತ್ತಿಯಂತೆ ಚೂಪು. ನೆರಳಿಲ್ಲ, ಮಸುಕಿಲ್ಲ.

ಪಂಚಾಕ್ಷರಿ ಎರಡನ್ನೂ ಎರಡು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ತಮ್ಮ ಕಾಲಾಣೆ ತೆಗೆದು ವೈಸಿನ ಟೋಕನ್ ಪಕ್ಕ ಹಿಡಿದರು. ಎರಡೂ ಒಂದೇ ರೀತಿ ಮಂಕಾಗಿದ್ದವು.

"ಹನ್ನೊಂದು ವರ್ಷ," ಎಂದರು. ಸ್ಫೂರ್ತಿ ಅವರ ಮೊಣಕೈ ಹಿಡಿದುಕೊಂಡಳು. ಆದರೆ ಮೇಷ್ಟ್ರು ತಲೆ ಎತ್ತಿದಾಗ ನಗುತ್ತಿದ್ದರು. "ನಿವೃತ್ತಿ ಆದ ಮ್ಯಾಲೆ ಇಷ್ಟು ಚೊಲೋ ಪಾಠ ಕಲ್ತೇ ಇರ್ಲಿಲ್ಲ. ತಂಗಿ, ಈ ಎರಡು ಟೋಕನ್ ನನಗ ಕೊಡ್ತೀಯೇನು?"

"ಕೆಂಪು ಡಬ್ಬಕ್ಕೆ ಹೋಗೋ ಪೀಸು ಮೇಷ್ಟ್ರೇ, ತಗೊಳಿ," ಎಂದರು ವೆಂಕಟಪ್ಪ. ಆಮೇಲೆ ಪದ್ಮಾವತಿಯ ಕಡೆ ನೋಡಿ, "ಇವ್ಳು ನಮ್ ಶಾಪಿನ ಕಣ್ಣು ಸಾರ್," ಎಂದು ಸೇರಿಸಿದರು. ಹದಿನಾಲ್ಕು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಪಂಚಾಕ್ಷರಿ ಅವಳ ಒಪ್ಪಿಗೆ ಪಡೆದು ಐದು ರೂಪಾಯಿ ನಾಣ್ಯವನ್ನು ಮುಂಬೈಯ ತಜ್ಞರೊಬ್ಬರಿಗೆ ಕಳಿಸಿದರು. ಆರು ವಾರದ ಮೇಲೆ ಅದು ಮೊಹರು ಮಾಡಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ವಾಪಸ್ ಬಂತು. ಟಂಕಸಾಲೆಯಲ್ಲೇ ಆದ ಅಸಲಿ ದೋಷ ಎಂದು ಜೊತೆಯ ಚೀಟಿಯಲ್ಲಿ ಬರೆದಿತ್ತು.

ಅದರ ಮುಂದಿನ ಭಾನುವಾರ ಮತ್ತೆ ಕ್ಲಬ್ ಹೌಸಿನಲ್ಲಿ ಸಭೆ. ಈ ಸಲ ಬ್ಯಾನರ್ ಇರಲಿಲ್ಲ. ಮಧ್ಯದ ಮೇಜಿನ ಮೇಲೆ ಕಾಲಾಣೆ, ಎರಡು ಟೋಕನ್ನು, ಪದ್ಮಾವತಿಯ ನಾಣ್ಯ ಸಾಲಾಗಿದ್ದವು. ಕಾಲಾಣೆಯ ಮುಂದೆ ಮೇಷ್ಟ್ರ ದುಂಡು ಅಕ್ಷರದ ಚೀಟಿ: 'ನಕಲಿ. ನಾನು ಮೋಸಹೋದದ್ದು. ಪಂಚಾಕ್ಷರಿ.'

ಅವರೇ ಎದ್ದು ನಿಂತರು. "ನಾ ನಾಣ್ಯ ಓದಿ ಕಲ್ತಾವ. ಈಕಿ ಬಡದು ಕಲ್ತಾಕಿ. ಯಾವುದು ಅಪರೂಪ ಅನ್ನೂದು ಆಮ್ಯಾಲಿನ ಮಾತು, ಮೊದಲು ಯಾವುದು ಖರೇ ಅಂತ ತಿಳೀಬೇಕು. ಅದನ್ನ ಇವತ್ತು ಈಕಿ ಹೇಳ್ತಾಳ."

ಪದ್ಮಾವತಿ ಅಷ್ಟು ಜನರ ಮುಂದೆ ಎಂದೂ ಮಾತಾಡಿರಲಿಲ್ಲ. ಎದ್ದು ಬಂದು ಟೋಕನ್ ಕೈಗೆ ತೆಗೆದುಕೊಂಡಳು. ಲೋಹ ಬೆರಳಿಗೆ ತಾಗಿದ್ದೇ ಮಾತು ತಾನಾಗಿ ಬಂತು. ಅಚ್ಚು ಹೇಗೆ ಕೂರುತ್ತದೆ, ಬಿಲ್ಲೆ ಯಾಕೆ ಅಂಟುತ್ತದೆ, ಲೋಹ ಹೊಡೆತಕ್ಕೆ ಹೇಗೆ ಹರಿಯುತ್ತದೆ, ಎಲ್ಲ ಹೇಳಿದಳು. "ನಮ್ ಕೆಲಸ ಇಂಥದ್ದು ಈಚೆಗೆ ಬರದಂಗೆ ನೋಡ್ಕೊಳ್ಳೋದು," ಎಂದಳು. "ನಾವು ಸರಿಯಾಗಿ ಮಾಡೋದ್ರಿಂದ್ಲೇ ಇದು ನಿಮ್ಗೆ ಅಪರೂಪ. ಲಕ್ಷಾಂತರ ಸರಿಯಾದ ಪೀಸ್ ಮಾಡಿದೋರು ಇಲ್ದಿದ್ರೆ ಈ ಒಂದು ತಪ್ಪಿಗೆ ಏನ್ ಬೆಲೆ?"

ಚಪ್ಪಾಳೆ ಬಿತ್ತು. ಅವಳು ತಲೆ ತಗ್ಗಿಸಲಿಲ್ಲ.

ಗುರುರಾಜ್ ಪಕ್ಕಕ್ಕೆ ಬಂದು, ಅವಳ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚಿನ ಬೆಲೆ ಹೇಳಿದ. ಪದ್ಮಾವತಿ ಒಂದು ಗಳಿಗೆ ಯೋಚಿಸಿದಳು. ಸುಲಭಕ್ಕೆ ಇಲ್ಲ ಎನ್ನುವ ಮೊತ್ತವಲ್ಲ.

"ಇಲ್ಲ ಸಾರ್. ಇದು ಕೊಡೋಕಲ್ಲ."

"ಯಾಕ್ ಮೇಡಂ? ಇನ್ನೂ ಸ್ವಲ್ಪ ಸೇರಿಸ್ಲಾ?"

"ಶಾಪಿಗೆ ಹೊಸದಾಗಿ ಇಬ್ರು ಹೆಣ್ಮಕ್ಳು ಪ್ರೆಸ್ ಕಲಿಯೋಕೆ ಬಂದವ್ರೆ. ಅವ್ರಿಗೆ ತೋರಿಸ್ಬೇಕು."

ಗುರುರಾಜ್ ಹೋಗಲಿಲ್ಲ. ಸ್ವಲ್ಪ ಹಿಂಜರಿದು ಜೇಬಿನಿಂದ ಒಂದು ಪುಟ್ಟ ಪೊಟ್ಟಣ ತೆಗೆದ. "ಹಾಗಾದ್ರೆ ಇವು ಮೂರು ನೋಡಿ ಮೇಡಂ. ಮಾರೋಕೆ ಮುಂಚೆ ನನ್ಗೂ ಗೊತ್ತಾಗ್ಲಿ."

ಅವನ ಹಿಂದೆ ಇನ್ನಿಬ್ಬರು ತಮ್ಮ ತಮ್ಮ ನಾಣ್ಯ ಹಿಡಿದು ನಿಂತರು, ಅವರ ಹಿಂದೆ ಮತ್ತೊಬ್ಬರು. ಸ್ಫೂರ್ತಿ ಓಡಿಹೋಗಿ ಕುರ್ಚಿ ತಂದಳು. ಪಂಚಾಕ್ಷರಿ ತಮ್ಮ ಭೂತಗನ್ನಡಿಯನ್ನು ಒರೆಸಿ ಪದ್ಮಾವತಿಯ ಮುಂದಿಟ್ಟರು.

ಬಾಗಿಲ ಹತ್ತಿರ ಡ್ರೈವರ್ ಯೂನಿಫಾರಂನಲ್ಲಿ ನಿಂತಿದ್ದ ರಾಜೇಂದ್ರನನ್ನು ತಡವಾಗಿ ಬಂದ ಒಬ್ಬರು ಕೇಳಿದರು, "ಯಾರಪ್ಪಾ ಅವ್ರು? ಎಕ್ಸ್‌ಪರ್ಟಾ? ಎಲ್ಲಿಂದ ಕರ್ಸಿದಾರೆ?"

"ಅತ್ತಿಬೆಲೆಯಿಂದ ಸಾರ್," ಎಂದ ರಾಜೇಂದ್ರ. ಟೋಪಿ ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ನಿಂತ. "ನಮ್ಮನೆಯೋರು. ಡೈ ಸೆಟ್ಟರ್ರು."